ಬಳುವಳಿಯ ಬಂಡಿಯಲ್ಲಿ ಬಂದವಳು

ಹೋದ ತಿಂಗಳು ಶಿವಮೊಗ್ಗದಲ್ಲಿರುವ ತಂಗಿಯ ಮಗನ ಮನೆಗೆ ಹೋಗಿದ್ದೆ. ಹನ್ನೆರಡು ಹದಿಮೂರರ ಒಂದು ಹುಡುಗಿ ಕಾಫಿ ತಂದುಕೊಟ್ಟಳು. ಕನ್ನಡ ಬಾರದು. ಉತ್ತರದ ಯಾವುದೋ ರಾಜ್ಯದಿಂದ ಏಜೆಂಟನೊಬ್ಬ ಕರೆತಂದು ಬಿಟ್ಟುಹೋದನಂತೆ. ಯಾವ ಶಾಲೆಗೆ ಹೋಗುತ್ತಾಳೆ ಎಂದು ಕೇಳಿದೆ. ತಂಗಿಯ ಸೊಸೆ ನಕ್ಕಳು. “ಶಾಲೆ ಎಲ್ಲಿ ಬಂತು ದೊಡ್ಡತ್ತೆ? ಆದ್ರೆ ನಮ್ಮನೇಲಿ ಅವಳು ಮಗಳಿದ್ದ ಹಾಗೇ ಇದಾಳೆ.”

ಮಗಳಿದ್ದ ಹಾಗೆ! ಆಕೆಯ ಸ್ವಂತ ಮಗಳು ಒಳಕೋಣೆಯಲ್ಲಿ ಫೋನು ಹಿಡಿದುಕೊಂಡು ಮಲಗಿತ್ತು. ಈ ಮಗಳು ಬಗ್ಗಿ ನೆಲ ಒರೆಸುತ್ತಿತ್ತು. ಕಾಫಿ ಮುಟ್ಟದೆ ಎದ್ದುಬಂದೆ. ಮಾರನೆಯ ದಿನ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದೆ. ಅವರು ಬಂದು ಹುಡುಗಿಯನ್ನು ಕರೆದುಕೊಂಡು ಹೋದರು. ತಂಗಿಯ ಮಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ. ಈ ವಯಸ್ಸಿನಲ್ಲಿ ಒಬ್ಬರ ಮಾತು ಕಮ್ಮಿಯಾದರೆ ಕಿವಿಗೂ ಹಿತ.

ಆದರೆ ಮಗಳಿದ್ದ ಹಾಗೆ ಎಂಬ ಆ ಮಾತಿದೆಯಲ್ಲ, ಅದನ್ನು ನಾನು ಮೊದಲು ಕೇಳಿದ್ದು ಐವತ್ತೇಳರ ಮಳೆಗಾಲದಲ್ಲಿ. ಆಗ ನನಗೆ ಇಪ್ಪತ್ತೆರಡು. ಗ್ರಾಮಸೇವಿಕೆಯ ತರಬೇತಿ ಮುಗಿಸಿದ ಹೊಸತು. ಶಿಕಾರಿಪುರ ತಾಲ್ಲೂಕಿನಲ್ಲಿ, ಅಂಜನಾಪುರದ ನೀರು ಹರಿಯುವ ಒಂದು ಹಳ್ಳಿಗೆ ನನ್ನನ್ನು ಹಾಕಿದ್ದರು. ಊರಿನ ಹೆಸರು ಹೇಳುವುದಿಲ್ಲ, ಆ ಮನೆಯ ಮೊಮ್ಮಕ್ಕಳು ಇದ್ದಾರೆ. ಅವರೇನೂ ಮಾಡಿದವರಲ್ಲ.

ನನ್ನ ಕೆಲಸ ಹೆಂಗಸರಿಗೆ ಹೊಲಿಗೆ ಕಲಿಸುವುದು, ಬಾಣಂತಿಯರಿಗೆ ಬುದ್ಧಿ ಹೇಳುವುದು, ಎಲ್ಲಕ್ಕಿಂತ ಮುಖ್ಯವಾಗಿ ಹೊಗೆಯಿಲ್ಲದ ಒಲೆ ಹಾಕಿಸುವುದು. ಆ ಒಲೆಯೆಂದರೆ ನಮ್ಮ ಮೇಲಿನವರಿಗೆ ಎಲ್ಲಿಲ್ಲದ ಪ್ರೀತಿ. ದೇಶದ ಸಕಲ ಕಷ್ಟವೂ ಆ ಕೊಳವೆಯಲ್ಲಿ ಮೇಲೆ ಹೋಗಿಬಿಡುತ್ತದೆ ಎಂದು ನಂಬಿದ್ದರು. ನಾನೂ ನಂಬಿದ್ದೆ.

ಊರಿನ ದೊಡ್ಡಮನೆಯವರು ಮೊದಲ ಒಲೆ ತಮ್ಮಲ್ಲೇ ಆಗಲಿ ಎಂದರು. ಆ ಮನೆಯ ಯಜಮಾನರು ಮಾತು ಕಡಿಮೆ, ಊರಿಗೆ ಅವರ ಮಾತೇ ಕೊನೆ. ಅವರ ಹೆಂಡತಿ ಪಾರ್ವತಮ್ಮ ಕೈ ಬಿಚ್ಚಿ ಬಡಿಸುವ ಹೆಂಗಸು. ನನಗೆ ದಿನಾ ಮಧ್ಯಾಹ್ನದ ಊಟ ಅಲ್ಲೇ. ಒಬ್ಬಳೇ ಮಗಳು ಸುಶೀಲ, ಹದಿನೇಳು ತುಂಬಿದವಳು, ನನ್ನ ಹತ್ತಿರ ಹೊಲಿಗೆ ಕಲಿಯುತ್ತಿದ್ದಳು.

ಮಣ್ಣು ತುಳಿದು ಹದ ಮಾಡಿ ಒಲೆ ಕಟ್ಟಿದವಳು ಮಾತ್ರ ಆ ಮನೆಯಲ್ಲಿ ಕೆಲಸಕ್ಕಿದ್ದ ಚೌಡಿ. ಮೂವತ್ತು ದಾಟಿದ ಹೆಂಗಸು, ಸಣಕಲು ಮೈ, ಮೊಣಕೈವರೆಗೆ ಕೆಸರು. ತರಬೇತಿಯಲ್ಲಿ ಕಲಿತ ಅಳತೆಯಲ್ಲಿ ನಾನು ಕಟ್ಟಿಸಿದ ಕೊಳವೆ ಮೊದಲ ದಿನವೇ ಹೊಗೆಯನ್ನೆಲ್ಲ ಒಳಕ್ಕೆ ಕಕ್ಕಿತು. ಚೌಡಿ ಅದನ್ನು ಒಡೆದು, ಗೇಣುದ್ದ ಎತ್ತರಿಸಿ, ಬಾಯಿ ಕಿರಿದು ಮಾಡಿ ಕಟ್ಟಿದಳು. ಹೊಗೆ ನೆಟ್ಟಗೆ ಮೇಲೆ ಹೋಯಿತು. ಕಚೇರಿಯಿಂದ ಫೋಟೋ ತೆಗೆಯುವವರು ಬಂದಾಗ ಪಾರ್ವತಮ್ಮ ಹೊಸ ಸೀರೆಯುಟ್ಟು ಒಲೆಯ ಪಕ್ಕ ನಿಂತರು. “ನೀನು ಸ್ವಲ್ಪ ಆ ಕಡೆ ಸರಿಯಮ್ಮ” ಎಂದು ಚೌಡಿಗೆ ಹೇಳಿದವಳು ಬೇರೆ ಯಾರೂ ಅಲ್ಲ, ನಾನೇ.

ಶ್ರಾವಣದ ಒಂದು ದಿನ ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ಚೌಡಿ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಅವಳ ಮಗಳು ಹೊನ್ನಿ, ಹನ್ನೊಂದು ವರ್ಷದವಳು. ಮಾತಿಗೆ ಮಾತು ಬಂದು ನಿನ್ನ ಊರು ಯಾವುದು ಎಂದು ಕೇಳಿದೆ.

“ಸೊರಬದ ಕಡೀ ರೀ ಅಕ್ಕಾರೆ. ಕ್ಯಾಸನೂರ ಹತ್ರ ನಮ್ಮ ಹಟ್ಟಿ.”

“ಇಲ್ಲಿಗೆ ಮದುವೆಯಾಗಿ ಬಂದೆಯಾ?”

“ಅಲ್ಲ ರೀ. ಅಮ್ಮಾರ ಜೋಡಿ ಬಳುವಳಿ ಬಂದ್ನಿ.”

ನನಗೆ ಅರ್ಥವಾಗಲಿಲ್ಲ. ಬಳುವಳಿಯೆಂದರೆ ಮಗಳಿಗೆ ತವರಿನವರು ಕೊಟ್ಟು ಕಳಿಸುವ ಪಾತ್ರೆ ಪಗಡೆ ಎಂದಷ್ಟೇ ನನಗೆ ಗೊತ್ತಿತ್ತು. ಒಳಗಿನಿಂದ ಪಾರ್ವತಮ್ಮನೇ ಬಂದು ಹೆಮ್ಮೆಯಿಂದ ವಿವರಿಸಿದರು. ಅವರ ತವರೂ ಸೊರಬದ ಕಡೆಯದೇ. “ನಮ್ಮಪ್ಪ ಕೊಟ್ಟಿದ್ದು ನೋಡ್ರಿ. ಎರಡು ಹಂಡೆ, ಕರ ಸಮೇತ ಒಂದು ಆಕಳ, ಮತ್ತ ಇವಳು. ಆಗ ಇವಳಿಗೆ ಹತ್ತು ವರ್ಷ ಇದ್ದಿರಬೇಕು. ಆಕಳ ಹೋಗಿ ಎಷ್ಟೋ ಕಾಲ ಆತು. ಹಂಡೆ ಎರಡೂ ತೂತು ಬಿದ್ದಾವ. ಇವಳೊಬ್ಬಾಕಿ ಗಟ್ಟಿ ಉಳದಾಳ.” ಹೀಗೆಂದು ಚೌಡಿಯ ಬೆನ್ನಿನ ಮೇಲೆ ಪ್ರೀತಿಯಿಂದ ಒಂದು ಏಟು ಹಾಕಿದರು. “ನಮ್ಮನಿ ಮಗಳಿದ್ದಂಗ ಅದಾಳ.”

ಚೌಡಿಯೂ ನಕ್ಕಳು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಒಂದೊಂದೇ ತಿಳಿಯಿತು. ಆ ಮನೆಯ ಹೊಲ ಉಳುವ ಆಳಿಗೇ ಅವಳನ್ನು ಕೊಟ್ಟು ಮದುವೆ ಮಾಡಿದ್ದರು. ಅವನು ಹಾವು ಕಚ್ಚಿ ಸತ್ತ. ಅವಳಿಗೆ ಕೂಲಿ ಎಂಬುದು ಇಲ್ಲ. ಊಟ, ಹಬ್ಬಕ್ಕೊಂದು ಸೀರೆ. ಪಾರ್ವತಮ್ಮ ವರ್ಷವರ್ಷವೂ ಕಮಾನು ಬಂಡಿ ಕಟ್ಟಿಸಿಕೊಂಡು ತವರಿಗೆ ಹೋಗಿಬರುತ್ತಿದ್ದರು. ಚೌಡಿ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಅಮ್ಮಾರು ಊರಿಗೆ ಹೋದಾಗ ಮನೆ ನೋಡಿಕೊಳ್ಳುವವರು ಯಾರು? ತವರಿನಲ್ಲಿ ತಾಯಿಯನ್ನು ಬಿಟ್ಟು ಬಂದಿದ್ದಳು. ಈಗ ಅವಳು ಇದ್ದಾಳೋ ಇಲ್ಲವೋ ಎಂಬುದೂ ಸರಿಯಾಗಿ ತಿಳಿಯದು.

ಆ ಬೇಸಿಗೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಹಿಂದೆಯೇ ಕಾಡಿಗೆ ಹೋದ ಜನರಿಗೂ ಜ್ವರ ಬಂದು ಎಷ್ಟೋ ಮಂದಿ ತೀರಿಕೊಂಡಿದ್ದರು. ಮಂಗನ ಕಾಯಿಲೆ ಎನ್ನುತ್ತಿದ್ದರು. ಆ ಕಡೆಯ ಸುದ್ದಿ ಬಂದಾಗಲೆಲ್ಲ ಚೌಡಿ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು. “ಒಂದ ಸಲ ಅವ್ವನ್ನ ನೋಡಿ ಬರ್ಲಿ ಅಮ್ಮಾರ?” ಎಂದು ನಾನಿದ್ದಾಗಲೇ ಕೇಳಿದಳು. ನಾಟಿ ಮುಗೀಲಿ ಎಂದರು. ನಾಟಿ ಮುಗಿದ ಮೇಲೆ ಕಳೆ ಎಂದರು. ಕಳೆಯಾದ ಮೇಲೆ ಕೊಯ್ಲು. ಕೊಯ್ಲಾಗುವಷ್ಟರಲ್ಲಿ ಸುಶೀಲಳಿಗೆ ಹಿರೇಕೆರೂರಿನ ಕಡೆಯ ಗಂಡು ಗೊತ್ತಾಗಿ, ಮನೆತುಂಬ ಮದುವೆಯ ಗಡಿಬಿಡಿ.

ಸುಗ್ಗಿಯಾದ ಮೇಲೆ, ಬಿಸಿಲು ಏರುತ್ತಿದ್ದ ದಿನಗಳಲ್ಲಿ, ಪಾತ್ರೆಗಳಿಗೆ ಕಲಾಯಿ ಹಾಕಲು ಇಮಾಮ್ ಸಾಬರು ಬಂದರು. ಶಿಕಾರಿಪುರ ಪೇಟೆಯವರು. ತಿದಿ, ಇದ್ದಿಲು, ತವರದ ತುಂಡು ಬಂಡಿಗೆ ಹಾಕಿಕೊಂಡು ಶಿರಾಳಕೊಪ್ಪ, ಸೊರಬ ಎಂದು ಊರೂರು ತಿರುಗುವವರು. ಅಂಗಳದಲ್ಲಿ ಕುಳಿ ತೋಡಿ ಬೆಂಕಿ ಮಾಡಿದರು. ಚೌಡಿ ಹುಣಸೆಹಣ್ಣು ಹಾಕಿ ತಿಕ್ಕಿದ ಪಾತ್ರೆಗಳನ್ನು ತಂದು ಇಡುತ್ತಿದ್ದಳು. ನಾನು ಜಗಲಿಯ ಮೇಲೆ ಸುಶೀಲಳ ರವಿಕೆಗೆ ಗುಂಡಿ ಹಾಕುತ್ತಿದ್ದೆ.

“ನಿಮ್ಮವ್ವ ಇದಾಳಮ್ಮ” ಎಂದರು ಸಾಬರು ಚೌಡಿಗೆ, ಕೆಲಸ ಬಿಡದೆ. “ಹೋದ ತಿಂಗಳು ಆ ಕಡೆ ಹೋಗಿದ್ದೆ. ಕಣ್ಣು ಮಂಜು. ಚೌಡಿ ಬರ್ತಾಳಾ ಅಂತ ಕೇಳಿದ್ಲು.”

ಚೌಡಿ ಸೆರಗಿನಿಂದ ಮುಖ ಒತ್ತಿಕೊಂಡಳು. ಅಷ್ಟರಲ್ಲಿ ಪಾರ್ವತಮ್ಮ ಹೊರಗೆ ಬಂದು ಸಾಬರಿಗೆ ಕೆಲಸ ಒಪ್ಪಿಸತೊಡಗಿದರು. “ಮನಿ ಪಾತ್ರೆ ಆಮ್ಯಾಲೆ ಮಾಡ್ರಿ. ಮೊದ್ಲು ಸುಶೀಲನ ಬಳುವಳಿದು ಮುಗಸ್ರಿ.” ಬೆರಳು ಮಾಡಿ ತೋರಿಸುತ್ತ ಹೋದರು. “ಈ ಹಂಡೆ. ಆ ಎರಡು ಕೊಪ್ಪರಿಗೆ. ಕೊಟ್ಟಿಗ್ಯಾಗಿನ ಬಿಳೇ ಆಕಳ. ಹೊನ್ನಿ.”

ಹೊನ್ನಿ ಆಗ ತಿದಿ ಒತ್ತುವ ಆಟ ನೋಡುತ್ತ ನಿಂತಿದ್ದಳು. ತನ್ನ ಹೆಸರು ಕೇಳಿ ಕರೆದರೆಂದುಕೊಂಡು “ಏನ್ರೀ?” ಎಂದಳು.

ಸಾಬರ ಕೈ ನಿಂತಿತು. ಚೌಡಿಯ ಕೈಯಲ್ಲಿದ್ದ ತಪ್ಪಲೆ ಕೈಯಲ್ಲೇ ಇತ್ತು. ಅವಳು ತಪ್ಪಲೆ ಕೆಳಗಿಟ್ಟು ಇನ್ನೊಂದನ್ನು ತರಲು ಒಳಗೆ ಹೋದಳು.

ಮಾರನೆಯ ಮಧ್ಯಾಹ್ನ ಮಜ್ಜಿಗೆ ಕೊಡುವ ನೆಪದಲ್ಲಿ ನನ್ನ ಕೋಣೆಗೆ ಬಂದಳು. ಬಾಗಿಲಲ್ಲೇ ನಿಂತು ಕೇಳಿದಳು. “ಅಕ್ಕಾರೆ, ನನ್ನ ಪಾಡು ಹೆಂಗೋ ಆತು. ಹೊನ್ನೀನ್ನ ಕೊಡಬ್ಯಾಡ್ರಿ ಅಂತ ಹೇಳೋರು ನಿಮ್ಮ ಸರ್ಕಾರದಾಗ ಯಾರಾರ ಅದಾರೇನು?”

“ಇದ್ದಾರೆ ಚೌಡಿ. ಮನುಷ್ಯರನ್ನು ಹೀಗೆ ಕೊಡೋ ಹಾಗಿಲ್ಲ, ಬಿಟ್ಟಿ ದುಡಿಸೋ ಹಾಗಿಲ್ಲ. ಸಂವಿಧಾನದಲ್ಲೇ ಬರೆದಿದೆ” ಎಂದೆ. ಎಷ್ಟು ಧೈರ್ಯವಾಗಿ ಹೇಳಿದೆ! ತರಬೇತಿಯಲ್ಲಿ ಒಬ್ಬ ಮೇಷ್ಟರು ಆ ಸಾಲನ್ನು ನಮ್ಮಿಂದ ಗಟ್ಟಿಯಾಗಿ ಓದಿಸಿದ್ದರು. ಓದಿದ್ದೇ ಸಾಕು, ಉಳಿದದ್ದು ತಾನಾಗಿ ನಡೆಯುತ್ತದೆ ಎಂದುಕೊಂಡಿದ್ದೆ.

ಮೊದಲು ಪಾರ್ವತಮ್ಮನ ಹತ್ತಿರ ಹೋದೆ. ಅವರಿಗೆ ಸಿಟ್ಟು ಕೂಡ ಬರಲಿಲ್ಲ, ಆಶ್ಚರ್ಯವಾಯಿತು. “ನಾವೇನು ಹೊಡೀತೀವೇನ್ರಿ? ಉಪಾಸ ಕೆಡವೀವೇನು? ಸುಶೀಲ ಉಂಡಿದ್ದ ಅದೂ ಉಣ್ತದ. ಅಲ್ಲೂ ಹಂಗ ಇರ್ತದ.” ಯಜಮಾನರು ಒಂದೇ ಮಾತು ಹೇಳಿದರು. “ಅಕ್ಕಾರೆ, ನೀವು ಒಲಿ ನೋಡ್ಕಳ್ರಿ.”

ಸುಶೀಲಳನ್ನು ಕೇಳಿದೆ. ಅವಳ ಕಣ್ಣಲ್ಲಿ ನೀರು ಬಂತು. “ಹೊನ್ನಿ ನನ್ನ ಕೈಯಾಗ ಬೆಳದಾಳ ಅಕ್ಕಾ. ಆ ಊರಾಗ ನನಗ ಯಾರೂ ಗೊತ್ತಿಲ್ಲ. ಅವಳಿದ್ರ ನನಗ ಧೈರ್ಯ.” ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಆಮೇಲೆ ಅಧಿಕಾರಿಯೊಬ್ಬರ ಹತ್ತಿರ ಹೋದೆ. ಯಾರು, ಯಾವ ಇಲಾಖೆ ಎನ್ನುವುದು ಬೇಡ. ಯಾರ ಹತ್ತಿರ ಹೋಗಿದ್ದರೂ ಅದೇ ಮಾತು ಬರುತ್ತಿತ್ತು. ಸಮಾಧಾನದ ಮನುಷ್ಯ. ನನ್ನ ಅರ್ಜಿಯನ್ನು ಪೂರ್ತಿ ಓದಿದರು.

“ಹುಡುಗೀನ ಮಾರಿದಾರೇನಮ್ಮ?”

“ಇಲ್ಲ ಸಾರ್.”

“ಯಾರಾದ್ರೂ ಕೊಂಡುಕೊಂಡಿದಾರಾ?”

“ಇಲ್ಲ. ಬಳುವಳಿಯಾಗಿ ಕೊಡ್ತಿದಾರೆ.”

“ಮಾರಿದ್ರೆ ಕೇಸು. ಕೊಂಡ್ರೆ ಕೇಸು. ಮದುವೇಲಿ ಕೊಟ್ಟದ್ದಕ್ಕೆ ಯಾವ ಕೇಸು ಹಾಕೋಣ ಹೇಳು. ಕಟ್ಟಿಹಾಕಿದಾರಾ? ಇಲ್ಲ. ಪತ್ರ ಬರೆಸಿಕೊಂಡಿದಾರಾ? ಇಲ್ಲ. ಆ ಹೆಂಗಸು ದೂರು ಕೊಡ್ತಾಳಾ?”

“ಕೊಟ್ಟರೆ ಅವಳು ಎಲ್ಲಿ ಉಳಿಯಬೇಕು ಸಾರ್?”

“ನೋಡಿದ್ಯಾ? ಅದನ್ನೇ ನಾನೂ ಹೇಳ್ತಿರೋದು” ಎಂದರು, ನಾನೇನೋ ಅವರ ಪರವಾಗಿ ಮಾತಾಡಿದೆ ಎಂಬಂತೆ.

ಬರೆದಿಟ್ಟ ಸಾಲು ಇತ್ತು. ಅದನ್ನು ಹಿಡಿದು ಬಾಗಿಲು ತಟ್ಟುವ ಕಾನೂನು ಆಗ ಇರಲಿಲ್ಲ. ಜೀತದ ಮೇಲೆ ಕಾಯಿದೆ ಬರಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. ವಾಪಸು ಬಂದು ಚೌಡಿಗೆ, “ಇನ್ನೊಂದು ಅರ್ಜಿ ಬರೀತೀನಿ, ಇನ್ನೂ ಮೇಲಿನವರಿಗೆ” ಎಂದೆ.

“ಬರೀರಿ ಅಕ್ಕಾರೆ” ಎಂದಳು. ನನ್ನ ಮನಸ್ಸಿಗೆ ನೋವಾಗಬಾರದೆಂದು ಹಾಗೆ ಹೇಳಿದಳೆಂದು ಆಮೇಲೆ ಗೊತ್ತಾಯಿತು.

ಮದುವೆಗೆ ನಾಲ್ಕು ದಿನ ಇತ್ತು. ಸಭೆಯೊಂದಕ್ಕೆಂದು ಬಸ್ಸಿನಲ್ಲಿ ಶಿರಾಳಕೊಪ್ಪದ ಕಡೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಒಂದು ಎತ್ತಿನ ಬಂಡಿ ಅಡ್ಡ ಬಂತು. ಬಸ್ಸು ನಿಧಾನ ಮಾಡಿತು. ಕಿಟಕಿಯಿಂದ ನೋಡುತ್ತೇನೆ, ಇಮಾಮ್ ಸಾಬರ ಬಂಡಿ. ಹಿಂದೆ ತಿದಿ, ಪಾತ್ರೆಗಳ ನಡುವೆ ಚೌಡಿ ಕೂತಿದ್ದಾಳೆ. ಪಕ್ಕದಲ್ಲಿ ಹೊನ್ನಿ. ಹುಲ್ಲು ಕೊಯ್ಯಲು ಹೋಗುವವರ ಹಾಗೆ ಬುಟ್ಟಿ, ಕುಡುಗೋಲು ಚೌಡಿಯ ಮಡಿಲಲ್ಲೇ ಇದ್ದವು. ಬೆಳಗಿನ ಹತ್ತು ಗಂಟೆ. ಕಣ್ಣು ಕುಕ್ಕುವ ಬಿಸಿಲು.

ಚೌಡಿ ನನ್ನನ್ನು ನೋಡಿದಳು. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನೂ ದೊಡ್ಡಮನೆಯ ಊಟ ಉಂಡವಳಲ್ಲವೇ? ನಾನು ಕತ್ತು ತಿರುಗಿಸಿ ಬಸ್ಸಿನ ಮುಂದುಗಡೆ ನೋಡುತ್ತ ಕೂತೆ. ಬಸ್ಸು ಬಂಡಿಯನ್ನು ದಾಟಿ ಹೋಯಿತು.

ಸಂಜೆ ಊರಿಗೆ ಬಂದರೆ ಯಜಮಾನರು ಜಗಲಿಯ ಮೇಲೆ ಕಾಯುತ್ತಿದ್ದರು. “ಚೌಡಿ ಮಗಳನ್ನ ಕರಕೊಂಡು ಹೋಗ್ಯಾಳ. ದಾರಿ ಮ್ಯಾಲ ಎಲ್ಲಾರ ನೋಡಿದ್ರೇನು?”

“ಇಲ್ಲ” ಎಂದೆ.

ಇಡೀ ವರ್ಷದಲ್ಲಿ ಅರ್ಜಿ ಬರೆದೆ, ಬಸ್ಸು ಹತ್ತಿ ಇಳಿದೆ, ಸಂವಿಧಾನ ಒಪ್ಪಿಸಿದೆ. ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಆ ಒಂದು ಸುಳ್ಳು.

ಪಾರ್ವತಮ್ಮ ಎದೆ ಬಡಿದುಕೊಂಡು ಅತ್ತರು. ನಾಟಕವಲ್ಲ, ನಿಜವಾದ ಅಳು. “ಏನ್ ಕಮ್ಮಿ ಮಾಡಿದ್ದೆ ಅವಳಿಗೆ? ಒಂದ ಮಾತು ಹೇಳಿ ಹೋಗಬಾರದಿತ್ತೇನು?” ಎಂದು ನನ್ನನ್ನೇ ಕೇಳಿದರು. ಯಜಮಾನರು ಇಬ್ಬರು ಆಳುಗಳನ್ನು ಸೊರಬಕ್ಕೆ ಅಟ್ಟಿದರು. ಎರಡು ದಿನಕ್ಕೆ ಇಬ್ಬರೂ ಬರಿಗೈಯಲ್ಲಿ ಬಂದರು. ಸೊರಬ ಪೇಟೆಯವರೆಗೆ ಹೋಗಿದ್ದರಂತೆ, ಮುಂದಕ್ಕೆ ಕಾಲು ಬರಲಿಲ್ಲವಂತೆ. “ಈ ವರ್ಷನೂ ಮಂಗ ಬೀಳಾಕ ಹತ್ತ್ಯಾವಂತ ಯಜಮಾನ್ರ. ಆ ಹಟ್ಟಿಗೆ ಹೋದೋರು ಜ್ವರ ತಗಂಡ ಬರ್ತಾರಂತ. ಅಲ್ಲಿ ಮಂದೀನ ಊರು ಬಿಟ್ಟು ಹೊಂಟಾರ.”

ಆಗ ನನಗೆ ತಿಳಿಯಿತು. ಅವಳು ಹೊರಟದ್ದು ತಾಯಿಯನ್ನು ನೋಡಲು ಮಾತ್ರ ಅಲ್ಲ. ಬೇರೆ ಯಾವ ಊರಿಗೆ ಹೋಗಿದ್ದರೂ ಹುಡುಕಿಕೊಂಡು ಬಂದು ಎಳೆದೊಯ್ಯುತ್ತಿದ್ದರು. ಹಿಂದೆ ಯಾರೂ ಬರದ ಜಾಗ ಎಂದರೆ ಜನ ಸಾಯುತ್ತಿದ್ದ ಆ ಒಂದೇ ಜಾಗ. ಹನ್ನೊಂದು ವರ್ಷದ ಮಗಳನ್ನು ಕಾಪಾಡಲು ಒಬ್ಬ ತಾಯಿಗೆ ಈ ದೇಶದಲ್ಲಿ ಉಳಿದಿದ್ದ ಆಸರೆ ಅದು. ನನಗೆ ಬಂದ ಸಿಟ್ಟನ್ನು ಎಲ್ಲಿ ಸುರಿಯಬೇಕೆಂದು ತಿಳಿಯದೆ ನನ್ನ ಟ್ರಂಕಿನಲ್ಲಿದ್ದ ಒಲೆಯ ಫೋಟೋವನ್ನು ಹರಿದುಹಾಕಿದೆ.

ಮದುವೆ ಗೊತ್ತಾದ ದಿನವೇ ನಡೆಯಿತು. ಮಗಳನ್ನು ಕಳಿಸುವ ದಿನ ಬಳುವಳಿಯ ಬಂಡಿಯಲ್ಲಿ ಹಂಡೆ, ಕೊಪ್ಪರಿಗೆಗಳ ಪಕ್ಕ ಇನ್ನೊಂದು ಹುಡುಗಿ ಕೂತಿತ್ತು. ಮೂರು ದಿನದಲ್ಲಿ ಎಲ್ಲಿಂದಲೋ ತಂದಿದ್ದರು. ನಾನು ಜನರ ನಡುವೆ ನಿಂತು ನೋಡಿದೆ. ಬಂಡಿ ಹೊರಟುಹೋಯಿತು.

ಸೊರಬ ತಾಲ್ಲೂಕಿನ ಕಾಡಂಚಿನ ಊರುಗಳಿಗೆ ಹೋಗಲು ಆಗ ಯಾರೂ ಒಪ್ಪುತ್ತಿರಲಿಲ್ಲ. ನಾನೇ ಕೇಳಿ ಹಾಕಿಸಿಕೊಂಡೆ. ಮುಂಗಾರಿಗೆ ಸ್ವಲ್ಪ ಮೊದಲು ಕ್ಯಾಸನೂರಿನ ಹತ್ತಿರದ ಆ ಹಟ್ಟಿ ಹುಡುಕಿಕೊಂಡು ಹೋದೆ. ಏಳೆಂಟು ಹುಲ್ಲಿನ ಮನೆ. ಮೂರರ ಬಾಗಿಲು ಮುಚ್ಚಿತ್ತು.

ಚೌಡಿ ಬಾಗಿಲಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು. ಗುರುತು ಸಿಗಲಿಲ್ಲ. ತಲೆಗೂದಲು ಉದುರಿ, ಕಣ್ಣು ಒಳಗೆ ಹೋಗಿತ್ತು. ಬಂದ ಹದಿನೈದು ದಿನಕ್ಕೆ ತಾಯಿಗೆ ಜ್ವರ ಬಂತಂತೆ. ಅವಳನ್ನು ನೋಡಿಕೊಳ್ಳುತ್ತ ಸೌದೆಗೆಂದು ಕಾಡಿಗೆ ಹೋಗಿಬರುತ್ತಿದ್ದ ಚೌಡಿಗೂ ಬಂತು. ತಾಯಿ ಹೋದಳು. ಇವಳು ಬಾಯಿ, ಮೂಗಿನಿಂದ ರಕ್ತ ಬಂದೂ ಉಳಿದಳು. ಹೊನ್ನಿಗೆ ಏನೂ ಆಗಲಿಲ್ಲ. ಅವಳೇ ಗಂಜಿ ಕಾಯಿಸಿ ತಾಯಿಯನ್ನು ಎಬ್ಬಿಸಿದ್ದಳು.

“ಅವ್ವ ಇಪ್ಪತ್ತ ದಿನ ನನ್ನ ಕೂಡ ಇದ್ಲು ಅಕ್ಕಾರೆ” ಎಂದಳು ಚೌಡಿ. “ಕಣ್ಣು ಕಾಣತಿರ್ಲಿಲ್ಲ. ಕೈಯಿಂದ ಮುಖ ಎಲ್ಲಾ ಮುಟ್ಟಿ ನೋಡಿದ್ಲು.”

ಹೊನ್ನಿಯನ್ನು ಶಾಲೆಗೆ ಸೇರಿಸುವ ಮಾತಾಡಿದೆವು. ಚೌಡಿ ಚೇತರಿಸಿಕೊಂಡ ಮೇಲೆ ಗದ್ದೆ ಕೆಲಸಕ್ಕೆ ಕೂಲಿಗೆ ಕರೆಯುತ್ತೇವೆಂದು ಇಬ್ಬರು ಹೇಳಿದ್ದರು. ಎಲ್ಲ ಒಂದು ದಾರಿಗೆ ಬಂತು ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೇ ಇರಬೇಕು, ಬಾಯಿ ತಪ್ಪಿ ಹೇಳಿಬಿಟ್ಟೆ. “ನಿನ್ನ ಮಗಳು ತಪ್ಪಿಸಿಕೊಂಡಳು. ಪಾಪ, ಅವಳ ಬದಲಿಗೆ ಬೇರೆ ಯಾವುದೋ ಹುಡುಗಿ ಹೋಯಿತು.”

ಚೌಡಿ ನೆಟ್ಟಗೆ ಕೂತಳು. “ಯಾರ ಮಗಳು?”

“ಗೊತ್ತಿಲ್ಲ.”

“ಹೆಸರು?”

“ಕೇಳಲಿಲ್ಲ.”

ಅವಳು ನನ್ನನ್ನು ನೋಡಿದ ರೀತಿ! ದೊಡ್ಡಮನೆಯಲ್ಲಿ ಒಮ್ಮೆಯೂ ಏರದ ದನಿ ಏರಿತು. “ಕೇಳಲಿಲ್ಲ ಅಂದ್ರ ಏನ್ರೀ? ನಿಮ್ಮ ಕಣ್ಣ ಮುಂದ ಬಂಡಿ ಹೋಗ್ಯದ. ಓದಿದೋರು ನೀವು. ದಿನಾ ಪುಸ್ತಕದಾಗ ಏನೇನೋ ಬರೀತಿದ್ರಿ. ಒಂದು ಹೆಸರು ಕೇಳಾಕ ಬರ್ತಿರ್ಲಿಲ್ಲೇನು?” ಅಷ್ಟು ಹೇಳುವುದರಲ್ಲಿ ಏದುಸಿರು ಬಂತು. ಹೊನ್ನಿ ಓಡಿಬಂದು ನೀರು ಕುಡಿಸಿದಳು.

ಆ ವಾರವೇ ರಜೆ ಹಾಕಿ ಹಿರೇಕೆರೂರಿನ ಕಡೆಯ ಬಸ್ಸು ಹತ್ತಿದೆ. ಸುಶೀಲಳ ಗಂಡನ ಮನೆ ಹುಡುಕುವುದು ಕಷ್ಟವಾಗಲಿಲ್ಲ. “ಅಕ್ಕಾ!” ಎಂದು ಓಡಿಬಂದು ನನ್ನ ಕೈ ಹಿಡಿದುಕೊಂಡಳು. ಚಾಪೆ ಹಾಸಿದಳು. ಒಳಗಿನಿಂದ ಆ ಹುಡುಗಿ ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಿತು. ಹತ್ತು ವರ್ಷವಿರಬಹುದು. ದೊಡ್ಡವರ ರವಿಕೆ ಭುಜದಿಂದ ಜಾರುತ್ತಿತ್ತು.

“ನಿನ್ನ ಹೆಸರೇನಮ್ಮ?” ಎಂದೆ.

ಹುಡುಗಿ ಸುಶೀಲಳ ಮುಖ ನೋಡಿತು.

“ಹೇಳೇ, ಅಕ್ಕ ನಮ್ಮೋರ” ಎಂದಳು ಸುಶೀಲ.

“ಅವಳ ಹೆಸರು ಹೇಳೋದಕ್ಕೂ ನಿನ್ನ ಅಪ್ಪಣೆ ಆಗಬೇಕೇನೇ ಸುಶೀಲ?” ಎಂದೆ. ನನಗೇ ತಿಳಿಯದಂತೆ ದನಿ ಜೋರಾಗಿತ್ತು. ಸುಶೀಲಳ ಮುಖ ಬಿಳಿಚಿಕೊಂಡಿತು. ಒಳಗಿನಿಂದ ಅವಳ ಅತ್ತೆ ಯಾರದು ಎಂದು ಕೇಳುತ್ತ ಬಂದರು.

ಆಗ ಆ ಹುಡುಗಿ ಬಾಯಿ ಬಿಟ್ಟಿತು. ರತ್ನಿ ಎಂದಳು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಅಪ್ಪನ ಹೆಸರು, ಅವ್ವನ ಹೆಸರು, ತಮ್ಮನ ಹೆಸರು, ಊರು, ಊರಿನ ಮುಂದಿನ ಹಳ್ಳ, ಹಳ್ಳ ದಾಟಿದರೆ ಸಿಗುವ ಎರಡು ಹುಣಸೆ ಮರ, ಅದರಾಚೆಯ ಮೂರನೇ ಮನೆ, ಎಲ್ಲವನ್ನೂ ಒಂದೇ ಉಸಿರಿಗೆ, ಒಂದರ ಹಿಂದೆ ಒಂದು ಹೇಳಿದಳು. ಮರೆತುಹೋಗಬಾರದೆಂದು ಯಾರಿಗೂ ಕೇಳದ ಹಾಗೆ ದಿನಾ ಹೇಳಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ಅವರೆಲ್ಲರ ಮುಂದೆಯೇ ಪುಸ್ತಕ ತೆಗೆದು ಬರೆದುಕೊಂಡೆ.

ಆ ಹಳ್ಳ ದಾಟಿ ಅವಳ ಅಪ್ಪನನ್ನು ಹುಡುಕಿ, ಅವನಿಗೆ ಧೈರ್ಯ ಹೇಳಿ, ಎರಡು ಸಲ ಸುಶೀಲಳ ಅತ್ತೆಮನೆಯ ಬಾಗಿಲಿನಿಂದಲೇ ವಾಪಸು ಬಂದು, ಮೂರನೆಯ ಸಲ ಅಲ್ಲೇ ಕೂತು ಹಟ ಹಿಡಿದು ರತ್ನಿಯನ್ನು ಅವಳ ಊರಿಗೆ ಕರೆತಂದು ಬಿಡುವಷ್ಟರಲ್ಲಿ ಮುಂದಿನ ಸುಗ್ಗಿ ಬಂದಿತ್ತು. ಒಂದು ಹುಡುಗಿಗೆ ಎಂಟು ತಿಂಗಳು.